ಎದ್ದು ಹೋದ ಕೋಶ, ಕೂತೇ ಇದ್ದ ಕೋಶ: 50 ಮಿಲಿಗ್ರೇ ವಿಕಿರಣದ ಒಂದು ಪ್ರಕರಣ

ಕಡಿಮೆ ಪ್ರಮಾಣದ ವಿಕಿರಣ ಅಂದ ಕೂಡಲೇ ಮಾತು ಎರಡೇ ದಾರಿ ಹಿಡಿಯುತ್ತದೆ. "ಇಷ್ಟಕ್ಕೆಲ್ಲ ಏನೂ ಆಗಲ್ಲ ಬಿಡಿ" ಅನ್ನುವವರು ಒಂದು ಕಡೆ. "ಎಷ್ಟೇ ಕಡಿಮೆ ಇದ್ದರೂ ಡಿಎನ್‌ಎ ಮುರಿಯುತ್ತೆ, ಇವತ್ತಲ್ಲ ನಾಳೆ ಕ್ಯಾನ್ಸರ್" ಅನ್ನುವವರು ಇನ್ನೊಂದು ಕಡೆ. ಜಗಳ ಎಷ್ಟೇ ಜೋರಾಗಿದ್ದರೂ ಇಬ್ಬರೂ ಕೇಳುತ್ತಿರುವುದು ಒಂದೇ ಪ್ರಶ್ನೆ: ಕೋಶಕ್ಕೆ ಎಷ್ಟು ಪೆಟ್ಟು ಬಿತ್ತು? ನನಗೂ ಬಹಳ ದಿನ ಅದೇ ಸರಿಯಾದ ಪ್ರಶ್ನೆ ಅನ್ನಿಸಿತ್ತು. ಇಲಿಯ ಅನ್ನನಾಳದ ಮೇಲೆ ಮಾಡಿದ ಒಂದು ಪ್ರಯೋಗದ ವಿವರ ಓದಿದ ಮೇಲೆ ಹಾಗನ್ನಿಸುತ್ತಿಲ್ಲ. ಆ ಒಂದು ಪ್ರಯೋಗವನ್ನೇ ಇಲ್ಲಿ ಬಿಡಿಸಿ ನೋಡೋಣ.

ಪ್ರಯೋಗ ಬ್ರಿಟನ್ನಿನ ವೆಲ್ಕಮ್ ಸ್ಯಾಂಗರ್ ಸಂಸ್ಥೆ ಮತ್ತು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ತಂಡದ್ದು. ಡೇವಿಡ್ ಫರ್ನಾಂಡಿಸ್-ಆಂಟೊರಾನ್ ಮೊದಲ ಲೇಖಕ, ತಂಡದ ಮುಖ್ಯಸ್ಥ ಫಿಲ್ ಜೋನ್ಸ್. ಪ್ರಕಟವಾದದ್ದು 2019ರಲ್ಲಿ, 'ಸೆಲ್ ಸ್ಟೆಮ್ ಸೆಲ್' ಎಂಬ ವಿಜ್ಞಾನ ಪತ್ರಿಕೆಯಲ್ಲಿ.

ಮೊದಲು ಜಾಗದ ಪರಿಚಯ

ಅನ್ನನಾಳವೇ ಯಾಕೆ? ನೋಡಲು ಸುಲಭ, ಅದಕ್ಕೆ. ಅದರ ಒಳಮೈ ಹಲವು ಪದರಗಳ ಹಾಸು. ಇಲಿಯಲ್ಲಿ ತೀರಾ ಕೆಳಗಿನ ಪದರದ ಕೋಶಗಳು ಮಾತ್ರ ವಿಭಜನೆಯಾಗುತ್ತವೆ. ಅವುಗಳಲ್ಲಿ ಕೆಲವು ವಿಭಜನೆ ನಿಲ್ಲಿಸಿ, ಬಲಿತು, ಮೆಲ್ಲಗೆ ಮೇಲಕ್ಕೆ ಸರಿದು, ಕೊನೆಗೆ ಉದುರಿ ಹೋಗುತ್ತವೆ. ಇಲಿಯಲ್ಲಿ ಕೆಳಪದರದ ಒಂದು ಕೋಶ ವಾರಕ್ಕೆ ಸುಮಾರು ಎರಡು ಸಲ ಒಡೆದು ಎರಡಾಗುತ್ತದೆ. ಹುಟ್ಟಿದ ಎರಡು ಮರಿಗಳೂ ಕೆಳಗೇ ಉಳಿಯಬಹುದು, ಎರಡೂ ಬಲಿತು ಮೇಲೆ ಹೋಗಬಹುದು, ಅಥವಾ ಒಂದು ಇದ್ದು ಒಂದು ಹೋಗಬಹುದು. ಒಂದೊಂದು ಸಲ ಏನಾಗುತ್ತೆ ಅಂತ ಹೇಳಲಾಗದು. ಆದರೆ ಇಡೀ ಹಾಸಿನ ಲೆಕ್ಕ ತೆಗೆದರೆ ಹೋದಷ್ಟೇ ಹುಟ್ಟುತ್ತವೆ, ಹುಟ್ಟಿದಷ್ಟೇ ಹೋಗುತ್ತವೆ. ಒಂದು ಕೋಶ ಎದ್ದು ಹೋದರೆ ಆ ಜಾಗವನ್ನು ಪಕ್ಕದ್ದು ತುಂಬುತ್ತದೆ.

ಕುರ್ಚಿ ಆಟ ಅಂದುಕೊಳ್ಳಿ. ಕುರ್ಚಿಗಳ ಸಂಖ್ಯೆ ಬದಲಾಗುವುದಿಲ್ಲ. ಯಾರು ಎದ್ದರು, ಆ ಜಾಗಕ್ಕೆ ಯಾರ ಮರಿ ಬಂದು ಕೂತಿತು ಅನ್ನುವುದಷ್ಟೇ ಬದಲಾಗುತ್ತೆ.

ಈ ಕುರ್ಚಿಗಳಲ್ಲಿ ಎಲ್ಲರೂ ಒಂದೇ ತರ ಇಲ್ಲ ಅನ್ನುವುದು ಇಲ್ಲಿ ದೊಡ್ಡ ವಿಷಯ. ನಮಗೆ ವಯಸ್ಸಾದಂತೆ ಆರೋಗ್ಯವಾಗಿಯೇ ಇರುವ ಅಂಗಗಳೂ ಒಳಗೊಳಗೇ ತೇಪೆ ಹಾಕಿದ ಬಟ್ಟೆಯ ಹಾಗೆ ಆಗುತ್ತಾ ಹೋಗುತ್ತವೆ. 2018ರಲ್ಲಿ 20ರಿಂದ 75 ವರ್ಷದೊಳಗಿನ ಒಂಬತ್ತು ದಾನಿಗಳ ಅನ್ನನಾಳವನ್ನು ಚೂರು ಚೂರಾಗಿ ಓದಿದಾಗ ಕಂಡದ್ದು ಇದು: ನಡುವಯಸ್ಸಿನವರ ಮತ್ತು ವಯಸ್ಸಾದವರ ಮಾಮೂಲಿ ಒಳಪದರದಲ್ಲೇ ನಾಚ್1 ಎಂಬ ಜೀನ್ ಕೆಟ್ಟಿರುವ ಕೋಶಗಳು ಶೇ 12ರಿಂದ 80ರಷ್ಟು, ಪಿ53 ಕೆಟ್ಟಿರುವವು ಶೇ 2ರಿಂದ 37ರಷ್ಟು. ಇವರಿಗೆ ಅನ್ನನಾಳದ ಕ್ಯಾನ್ಸರ್ ಇರಲಿಲ್ಲ! ಮೊದಲ ಸಲ ಓದಿದಾಗ ನಾನು ಅಂಕಿ ತಪ್ಪಿರಬೇಕು ಅಂದುಕೊಂಡು ಮತ್ತೆ ಹಿಂದಕ್ಕೆ ಹೋಗಿ ನೋಡಿದ್ದೆ.

ಪಿ53 ಬಗ್ಗೆ ಎರಡು ಮಾತು. 1979ರಲ್ಲಿ ಪತ್ತೆಯಾದ ಪ್ರೋಟೀನ್ ಅದು. ಕೋಶದ ಕಾವಲುಗಾರ ಅಂತಲೇ ಹೆಸರು. ಡಿಎನ್‌ಎ ಮುರಿದರೆ ವಿಭಜನೆ ನಿಲ್ಲಿಸುವುದು, ರಿಪೇರಿಗೆ ಸಮಯ ಕೊಡುವುದು, ರಿಪೇರಿ ಸಾಧ್ಯವೇ ಇಲ್ಲ ಅಂದರೆ ಕೋಶ ತಾನೇ ಸಾಯುವಂತೆ ಮಾಡುವುದು ಅದರ ಕೆಲಸ. ಅನ್ನನಾಳದ ಸ್ಕ್ವಾಮಸ್ ಕ್ಯಾನ್ಸರ್‌ಗಳಲ್ಲಿ (ಒಳಮೈಯ ಚಪ್ಪಟೆ ಕೋಶಗಳ ಹಾಸಿನಲ್ಲಿ ಹುಟ್ಟುವಂಥವು) ಹೆಚ್ಚುಕಮ್ಮಿ ಎಲ್ಲದರಲ್ಲೂ ಈ ಪಿ53 ಕೆಟ್ಟಿರುತ್ತದೆ. ಹಾಗಂತ ಪಿ53 ಕೆಟ್ಟ ಕೋಶವೇ ಕ್ಯಾನ್ಸರ್ ಅಲ್ಲ. ಅದು ಆ ದಾರಿಯಲ್ಲಿ ಒಂದು ಹೆಜ್ಜೆ ಇಟ್ಟ ಕೋಶ, ಅಷ್ಟೇ. ಬಹುಪಾಲು ಅಲ್ಲೇ ನಿಂತುಬಿಡುತ್ತವೆ. ಈ ವ್ಯತ್ಯಾಸವನ್ನು ಕೊನೆಯವರೆಗೂ ನೆನಪಿಟ್ಟುಕೊಳ್ಳಿ, ಇಲ್ಲದಿದ್ದರೆ ಈ ಪ್ರಕರಣ ಸುಮ್ನೆ ಹೆದರಿಕೆಯ ಕತೆಯಾಗುತ್ತೆ.

ಪ್ರಶ್ನೆ ಹುಟ್ಟಿದ್ದು ಇಲ್ಲಿಂದ. ಇಷ್ಟೊಂದು ರೂಪಾಂತರಿ ಕೋಶಗಳು, ಅಂದರೆ ಜೀನ್ ಕೆಟ್ಟ ಕೋಶಗಳು, ನಮ್ಮೊಳಗೆ ಮೊದಲೇ ಇವೆ ಅಂದರೆ, ಹೊರಗಿನಿಂದ ಬರುವ ಒಂದು ಸಣ್ಣ ಒತ್ತಡ ಈ ಕುರ್ಚಿ ಆಟದಲ್ಲಿ ಯಾರ ಪರ ನಿಲ್ಲುತ್ತದೆ?

50 ಮಿಲಿಗ್ರೇ ಅಂದರೆ ಎಷ್ಟು

ತಂಡ ಆರಿಸಿಕೊಂಡ ಪ್ರಮಾಣ 50 ಮಿಲಿಗ್ರೇ (ಗ್ರೇ ಅಂದರೆ ಮೈ ಹೀರಿಕೊಂಡ ವಿಕಿರಣದ ಅಳತೆ). ಸರಿಸುಮಾರು ಮೂರು ನಾಲ್ಕು ಸಿಟಿ ಸ್ಕ್ಯಾನ್‌ನಷ್ಟು. 100 ಮಿಲಿಗ್ರೇಗಿಂತ ಕೆಳಗಿದ್ದರೆ ಸಾಮಾನ್ಯವಾಗಿ ಕಡಿಮೆ ಪ್ರಮಾಣ ಅಂತಲೇ ಕರೆಯುತ್ತಾರೆ. ಕ್ಯಾನ್ಸರ್‌ಗೆ ಕೊಡುವ ರೇಡಿಯೋಥೆರಪಿಯಲ್ಲಿ ಒಂದು ದಿನದ ಡೋಸ್ ಸಾಮಾನ್ಯವಾಗಿ 2 ಗ್ರೇ, ಅಂದರೆ 2000 ಮಿಲಿಗ್ರೇ. ಇದು ಅದರ ನಲವತ್ತನೇ ಒಂದು ಭಾಗ.

ಕೋಶದ ಒಳಗೆ ಇಷ್ಟು ವಿಕಿರಣ ಏನು ಮಾಡುತ್ತೆ ಅಂತ ಒಂದು ಸಣ್ಣ ಲೆಕ್ಕ ಹಾಕೋಣ. 1 ಗ್ರೇ ಎಕ್ಸ್‌ರೇ ಬಿದ್ದರೆ ಒಂದು ಕೋಶದ ಡಿಎನ್‌ಎಯಲ್ಲಿ ಎರಡೂ ಎಳೆ ಒಟ್ಟಿಗೆ ತುಂಡಾಗುವ ಜಾಗಗಳು ಸುಮಾರು 35. ಹಾಗಾದರೆ 50 ಮಿಲಿಗ್ರೇಗೆ? ಎರಡಕ್ಕಿಂತ ಸ್ವಲ್ಪ ಕಡಿಮೆ. ಆರೋಗ್ಯವಂತ ಕೋಶಕ್ಕೆ ಎರಡು ತುಂಡು ಹೊಲಿದುಕೊಳ್ಳುವುದು ದೊಡ್ಡ ಕೆಲಸವೇನಲ್ಲ. ಮೊದಲ ಗುಂಪಿನವರ "ಏನೂ ಆಗಲ್ಲ ಬಿಡಿ" ನಿಂತಿರುವುದು ಇದೇ ಲೆಕ್ಕದ ಮೇಲೆ. ಪೆಟ್ಟಿನ ಲೆಕ್ಕದಲ್ಲಿ ಅದು ಪೂರ್ತಿ ತಪ್ಪೂ ಅಲ್ಲ.

ಆದರೆ ವಿಕಿರಣ ಡಿಎನ್‌ಎಯನ್ನು ಮಾತ್ರ ಹುಡುಕಿಕೊಂಡು ಬರುವುದಿಲ್ಲವಲ್ಲ. ಕೋಶದಲ್ಲಿ ಜಾಸ್ತಿ ಇರುವುದು ನೀರು. ವಿಕಿರಣ ಆ ನೀರಿನ ಅಣುಗಳನ್ನು ಒಡೆದು ಹೈಡ್ರಾಕ್ಸಿಲ್ ರ‍್ಯಾಡಿಕಲ್‌ನಂಥ ಸಿಡುಕು ಸ್ವಭಾವದ ಅಣುಗಳನ್ನು ಹುಟ್ಟುಹಾಕುತ್ತದೆ. ಅವು ಸಿಕ್ಕಿದ್ದಕ್ಕೆಲ್ಲ ಅಂಟಿಕೊಂಡು ಕೆಡಿಸುತ್ತವೆ. ಈ ಒಟ್ಟು ಗಲಾಟೆಗೆ ಆಕ್ಸಿಡೇಟಿವ್ ಸ್ಟ್ರೆಸ್ ಅನ್ನುತ್ತಾರೆ. ಕೋಶಕ್ಕೆ ಇದು ಹೊಸದಲ್ಲ, ಉಸಿರಾಡುವ ಪ್ರತಿ ಕೋಶದಲ್ಲೂ ಮೈಟೊಕಾಂಡ್ರಿಯಾದಿಂದ ಇಂಥವು ದಿನವಿಡೀ ಬರುತ್ತಲೇ ಇರುತ್ತವೆ. ಹಾಗಾಗಿ ಕೋಶ ಇದನ್ನು ಬರೀ ಹಾನಿ ಅಂತ ನೋಡುವುದಿಲ್ಲ, ಒಂದು ಸಂಕೇತ ಅಂತಲೂ ಓದುತ್ತದೆ. ಈ ಪ್ರಕರಣದಲ್ಲಿ ಕೆಲಸ ಮಾಡಿದ್ದು ಆ ಸಂಕೇತ.

ಏನು ಮಾಡಿದರು, ಏನು ಕಂಡಿತು

ಇಲಿಗಳ ಅನ್ನನಾಳದಲ್ಲಿ ಅಲ್ಲಲ್ಲಿ ಕೆಲವೇ ಕೋಶಗಳಲ್ಲಿ ಪಿ53 ಕೆಡುವಂತೆ ಮೊದಲೇ ಏರ್ಪಾಡು ಮಾಡಲಾಗಿತ್ತು. ಆ ಕೋಶಗಳಿಗೆ ಹೊಳೆಯುವ ಗುರುತೂ ಇತ್ತು. ಹಾಗಾಗಿ ಸೂಕ್ಷ್ಮದರ್ಶಕದ ಕೆಳಗೆ ಒಳಪದರವನ್ನು ಹರಡಿ ನೋಡಿದರೆ ಆರೋಗ್ಯವಂತ ಕೋಶಗಳ ಮಧ್ಯೆ ರೂಪಾಂತರಿಗಳ ಸಂಸಾರ ದ್ವೀಪಗಳ ಹಾಗೆ ಬೇರೆಯಾಗಿ ಕಾಣುತ್ತದೆ. ದ್ವೀಪ ದೊಡ್ಡದಾಯಿತೋ ಚಿಕ್ಕದಾಯಿತೋ ಅಂತ ಅಳೆದರೆ ಆಯಿತು. ಪ್ರಯೋಗದ ಈ ಭಾಗ ನನಗೆ ತುಂಬಾ ಇಷ್ಟ. ಎರಡೂ ಬಗೆಯ ಕೋಶಗಳು ಒಂದೇ ಇಲಿಯಲ್ಲಿ, ಅಕ್ಕಪಕ್ಕದಲ್ಲೇ, ಒಂದೇ ವಿಕಿರಣ ಪಡೆಯುತ್ತಿವೆ. ಆರೋಗ್ಯವಂತ ಕೋಶ ಒಂದು ತಟ್ಟೆಯಲ್ಲಿ, ರೂಪಾಂತರಿ ಇನ್ನೊಂದು ತಟ್ಟೆಯಲ್ಲಿ ಇಟ್ಟು ನೋಡಿದ್ದರೆ ಈ ಕತೆ ಅರ್ಧ ಮಾತ್ರ ಕಾಣುತ್ತಿತ್ತು, ಯಾಕಂದರೆ ಇಲ್ಲಿರುವುದು ಪೈಪೋಟಿ, ಪೈಪೋಟಿಗೆ ಎದುರಾಳಿ ಪಕ್ಕದಲ್ಲೇ ಇರಬೇಕು.

50 ಮಿಲಿಗ್ರೇ ಬಿದ್ದ ಮೇಲೆ ಆರೋಗ್ಯವಂತ ಕೋಶಗಳು ಸಾಯಲಿಲ್ಲ. ವಿಭಜನೆ ನಿಲ್ಲಿಸಿದವು, ಬಲಿತವು, ಕೆಳಪದರ ಬಿಟ್ಟು ಮೇಲಕ್ಕೆ ಹೊರಟವು. ಒಂದು ರೀತಿಯಲ್ಲಿ ಜವಾಬ್ದಾರಿಯ ನಡೆ ಅದು, ಅಲ್ವಾ? ನನ್ನೊಳಗೆ ಏನೋ ಏರುಪೇರಾಗಿದೆ, ನಾನು ಸಂತಾನ ಬೆಳೆಸುವುದು ಬೇಡ, ಜಾಗ ಬಿಡುತ್ತೇನೆ ಅಂದ ಹಾಗೆ. ಒಂದು ಅಂಗಾಂಶ ತನ್ನನ್ನು ತಾನು ಕಾಪಾಡಿಕೊಳ್ಳುವ ಹಳೆಯ ಉಪಾಯ ಇದು.

ಪಿ53 ಕೆಟ್ಟ ಕೋಶಗಳು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಅದೇ ವಿಕಿರಣ, ಅದೇ ದಿನ. ಎದ್ದೇ ಇಲ್ಲ. ಪಕ್ಕದ ಕುರ್ಚಿಗಳು ಖಾಲಿಯಾದಾಗ ಅಲ್ಲೂ ಇವುಗಳ ಮರಿಗಳೇ ಬಂದು ಕೂತವು. ದ್ವೀಪಗಳು ದೊಡ್ಡದಾದವು.

ಇದರ ತೂಕ ಗೊತ್ತಾಗಲು ನಾನೇ ಒಂದು ಕಾಲ್ಪನಿಕ ಲೆಕ್ಕ ಮಾಡಿ ನೋಡಿದೆ. ಇವು ಪ್ರಯೋಗದ ಅಂಕಿಗಳಲ್ಲ, ನನ್ನ ಕಾಗದದ ಮೇಲಿನವು. 100 ಕುರ್ಚಿ. 95ರಲ್ಲಿ ಆರೋಗ್ಯವಂತ ಕೋಶ, 5ರಲ್ಲಿ ರೂಪಾಂತರಿ. ಒಂದೊಂದು ಸಲ ವಿಕಿರಣ ಬಿದ್ದಾಗ ಆರೋಗ್ಯವಂತರಲ್ಲಿ ಹತ್ತಕ್ಕೆ ಒಬ್ಬರು ಎದ್ದು ಹೋಗುತ್ತಾರೆ, ರೂಪಾಂತರಿಗಳಲ್ಲಿ ಯಾರೂ ಏಳುವುದಿಲ್ಲ, ಖಾಲಿಯಾದ ಜಾಗವನ್ನು ಉಳಿದವರು ತಮ್ಮ ತಮ್ಮ ಪಾಲಿನಂತೆ ತುಂಬುತ್ತಾರೆ ಅಂದುಕೊಳ್ಳೋಣ. ಮೊದಲ ಸಲ ಆದ ಮೇಲೆ ರೂಪಾಂತರಿಗಳ ಪಾಲು 5ರಿಂದ ಐದೂವರೆ. ಇದೇನು ಮಹಾ ಅನ್ನಿಸುತ್ತೆ. ಹತ್ತು ಸಲ ಆದ ಮೇಲೆ? 13. ಒಂದು ಕೋಶವೂ ಸತ್ತಿಲ್ಲ. ಹೊಸದಾಗಿ ಒಂದು ಜೀನೂ ಕೆಟ್ಟಿಲ್ಲ. ಆದರೂ ಕ್ಯಾನ್ಸರ್ ದಾರಿಯಲ್ಲಿ ಒಂದು ಹೆಜ್ಜೆ ಇಟ್ಟವರ ಸಂಖ್ಯೆ ಎರಡೂವರೆ ಪಟ್ಟು ದಾಟಿತು.

ಪೆಟ್ಟಿನ ಲೆಕ್ಕದಲ್ಲಿ ಇದು ಕಾಣುವುದೇ ಇಲ್ಲ ನೋಡಿ. ಎಷ್ಟು ಡಿಎನ್‌ಎ ತುಂಡಾಯಿತು, ಎಷ್ಟು ಹೊಸ ರೂಪಾಂತರ ಹುಟ್ಟಿತು ಅಂತ ಎಣಿಸುತ್ತಾ ಕೂತರೆ ಉತ್ತರ ಹೆಚ್ಚುಕಮ್ಮಿ ಸೊನ್ನೆ. ಯಾರು ಎದ್ದು ಹೋದರು ಅಂತ ಎಣಿಸಿದರೆ ಮಾತ್ರ ಗೊತ್ತಾಗುತ್ತೆ. ವಿಕಿರಣ ಇಲ್ಲಿ ಕಳ್ಳನನ್ನು ಹುಟ್ಟಿಸಲಿಲ್ಲ. ಮೊದಲೇ ಮನೆಯೊಳಗಿದ್ದ ಕಳ್ಳನಿಗೆ ಬಾಗಿಲು ತೆರೆದುಕೊಟ್ಟಿತು.

ಆಟ ತಿರುಗಿದ್ದು

ಇಷ್ಟಕ್ಕೇ ನಿಂತಿದ್ದರೆ ಇದು ಇನ್ನೊಂದು ಎಚ್ಚರಿಕೆಯ ವರದಿ ಆಗುತ್ತಿತ್ತು, ನಾನೂ ಬರೆಯುತ್ತಿರಲಿಲ್ಲ. ಎರಡನೇ ಹಂತ ಬೇರೆ. ಆರೋಗ್ಯವಂತ ಕೋಶಗಳನ್ನು ಎಬ್ಬಿಸಿದ್ದು ಆಕ್ಸಿಡೇಟಿವ್ ಸ್ಟ್ರೆಸ್ ಅನ್ನುವುದಾದರೆ ಅದನ್ನು ತಣ್ಣಗೆ ಮಾಡಿ ನೋಡಬೇಕಲ್ಲ. ಅದಕ್ಕೆ ಎನ್-ಅಸಿಟೈಲ್ ಸಿಸ್ಟೀನ್ ಎಂಬ ಆಂಟಿಆಕ್ಸಿಡೆಂಟ್ ಕೊಟ್ಟು ವಿಕಿರಣ ಹಾಯಿಸಿದರು. ಈ ಔಷಧಿ ಹೊಸದಲ್ಲ. ಪ್ಯಾರಾಸಿಟಮಾಲ್ ಅತಿಯಾಗಿ ನುಂಗಿದವರ ಲಿವರ್ ಉಳಿಸಲು, ಗಟ್ಟಿ ಕಫ ಕರಗಿಸಲು ವೈದ್ಯರು ಬಹಳ ಕಾಲದಿಂದ ಬಳಸುತ್ತಿದ್ದಾರೆ.

ನಾನು ನಿರೀಕ್ಷಿಸಿದ್ದು ಇಷ್ಟೇ: ಸ್ಟ್ರೆಸ್ ಕಮ್ಮಿಯಾಗುತ್ತೆ, ಆರೋಗ್ಯವಂತ ಕೋಶಗಳು ಎದ್ದು ಹೋಗುವುದು ನಿಲ್ಲುತ್ತೆ, ಆಟ ಸಮಸಮ ಆಗುತ್ತೆ. ಸಮಸಮ ಆಗಲಿಲ್ಲ, ಪೂರ್ತಿ ತಿರುಗಿಬಿಟ್ಟಿತು. ಔಷಧಿ ಮತ್ತು ವಿಕಿರಣ ಒಟ್ಟಿಗೆ ಬಿದ್ದಾಗ ಆರೋಗ್ಯವಂತ ಕೋಶಗಳು ಹೆಚ್ಚು ವಿಭಜನೆಯಾದವು, ಪಿ53 ಕೆಟ್ಟವು ಬಲಿತು ಎದ್ದು ಹೋಗತೊಡಗಿದವು. ದ್ವೀಪಗಳು ಕುಗ್ಗಿದವು. ಅದೇ 50 ಮಿಲಿಗ್ರೇ, ಫಲ ಮಾತ್ರ ಉಲ್ಟಾ.

ಇಲ್ಲಿ ಸ್ವಲ್ಪ ನಿಲ್ಲಬೇಕು. ವಿಕಿರಣ ಒಳ್ಳೆಯದೋ ಕೆಟ್ಟದ್ದೋ ಅನ್ನುವ ಜಗಳಕ್ಕೆ ಈ ಎರಡನೇ ಹಂತ ಜಾಗವನ್ನೇ ಕೊಡುವುದಿಲ್ಲ. ಕೋಶದೊಳಗೆ ಆಕ್ಸಿಡೀಕರಣದ ಸಮತೋಲ ಯಾವ ಕಡೆ ವಾಲಿದೆ ಅನ್ನುವುದರ ಮೇಲೆ ಅದೇ ಡೋಸ್ ಯಾರನ್ನು ಎಬ್ಬಿಸುತ್ತದೆ ಅನ್ನುವುದು ನಿಂತಿತ್ತು. ಪಿ53 ಬರೀ ಡಿಎನ್‌ಎ ಕಾಯುವ ಪ್ರೋಟೀನ್ ಅಲ್ಲ, ಆಕ್ಸಿಡೀಕರಣದ ಹದ ನೋಡಿಕೊಳ್ಳುವ ಹಲವು ಜೀನ್‌ಗಳೂ ಅದರ ಕೈಯಲ್ಲಿವೆ. ಹಾಗಾಗಿ ಅದು ಕೆಟ್ಟ ಕೋಶ ಈ ಹದವನ್ನು ಬೇರೆಯೇ ರೀತಿ ಅನುಭವಿಸುತ್ತದೆ ಅನ್ನುವುದರಲ್ಲಿ ಆಶ್ಚರ್ಯವಿಲ್ಲ. ಕೆಟ್ಟ ಕೋಶಗಳನ್ನು ಕೊಲ್ಲದೆ, ಬರೀ ವಾತಾವರಣ ಬದಲಿಸಿ, ಆರೋಗ್ಯವಂತ ಕೋಶಗಳ ಕೈಯಿಂದಲೇ ಅವನ್ನು ಹೊರಗೆ ತಳ್ಳಿಸಬಹುದು ಎಂದು ಇಲಿಯಲ್ಲಾದರೂ ತೋರಿಸಿದ್ದು ಈ ಪ್ರಯೋಗದ ದೊಡ್ಡಸ್ತಿಕೆ ಅಂತ ನನ್ನ ಅಭಿಪ್ರಾಯ.

ಮಾತ್ರೆ ಅಂಗಡಿಗೆ ಓಡುವ ಮೊದಲು

ಇದನ್ನು ಯಾರಿಗೆ ಹೇಳಿದರೂ ಮುಂದಿನ ಪ್ರಶ್ನೆ ಒಂದೇ: ಹಾಗಾದರೆ ಸ್ಕ್ಯಾನ್‌ಗೆ ಮುಂಚೆ ಆಂಟಿಆಕ್ಸಿಡೆಂಟ್ ನುಂಗಿದರೆ ಆಯ್ತಲ್ಲ? ಬೇಡ. ನಿಜವಾಗಿ ಬೇಡ. ಇದೇ ಎನ್-ಅಸಿಟೈಲ್ ಸಿಸ್ಟೀನನ್ನು ಶ್ವಾಸಕೋಶದ ಗಡ್ಡೆ ಆಗಲೇ ಶುರುವಾಗಿದ್ದ ಇಲಿಗಳಿಗೆ ಕೊಟ್ಟಾಗ ಗಡ್ಡೆಗಳು ಇನ್ನೂ ಬೇಗ ಬೆಳೆದವು ಅಂತ 2014ರಲ್ಲಿ ಸ್ವೀಡನ್ನಿನ ಒಂದು ತಂಡ ತೋರಿಸಿದೆ. ಇನ್ನೂ ಹಿಂದೆ, 1994ರಲ್ಲಿ, ಫಿನ್ಲೆಂಡಿನಲ್ಲಿ 29,133 ಮಂದಿ ಧೂಮಪಾನಿ ಗಂಡಸರ ಮೇಲೆ ನಡೆದ ದೊಡ್ಡ ಅಧ್ಯಯನದ ಫಲಿತಾಂಶ ಬಂದಾಗ, ಬೀಟಾ ಕ್ಯಾರೋಟಿನ್ (ಇದೂ ಆಂಟಿಆಕ್ಸಿಡೆಂಟೇ) ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಜಾಸ್ತಿ ಇತ್ತು. ಆಕ್ಸಿಡೇಟಿವ್ ಸ್ಟ್ರೆಸ್ ಕೆಲವೊಮ್ಮೆ ಗಡ್ಡೆಗೂ ಕಡಿವಾಣ. ಅದನ್ನು ಸಡಿಲ ಮಾಡಿದರೆ ಲಾಭ ಯಾರಿಗೆ ಅನ್ನುವುದು ಗಡ್ಡೆ ಯಾವ ಹಂತದಲ್ಲಿದೆ ಅನ್ನುವುದರ ಮೇಲೆ. ಅನ್ನನಾಳದ ಪ್ರಯೋಗದಲ್ಲಿ ಗಡ್ಡೆ ಇರಲಿಲ್ಲ. ಒಂದು ಹೆಜ್ಜೆ ಇಟ್ಟ ಕೋಶಗಳಿದ್ದವು. ಆಗಲೇ ಹೇಳಿದ ವ್ಯತ್ಯಾಸ ಇಲ್ಲಿ ಕೆಲಸಕ್ಕೆ ಬರುತ್ತೆ.

ಸಿಟಿ ಸ್ಕ್ಯಾನ್ ಬೇಡ ಅನ್ನುವುದಕ್ಕೂ ಇದು ಕಾರಣವಲ್ಲ. ಇಲಿಯ ಒಳಪದರ ಮನುಷ್ಯರದ್ದಕ್ಕಿಂತ ಬೇಗ ಬೇಗ ಹೊಸದಾಗುತ್ತದೆ. ಕಾರಣವಿದ್ದು ಮಾಡಿಸುವ ಸ್ಕ್ಯಾನ್‌ನಿಂದ ಸಿಗುವ ಉತ್ತರಕ್ಕೆ ಬೆಲೆ ಇದೆ. ಕಾರಣವಿಲ್ಲದೆ, ಸುಮ್ನೆ ಒಂದು ಸಲ ನೋಡಿಬಿಡೋಣ ಅಂತ ಮಾಡಿಸುವುದರ ಬಗ್ಗೆ ಮಾತ್ರ ನನಗೆ ಮೊದಲೂ ಅನುಮಾನ ಇತ್ತು, ಈಗ ಇನ್ನೂ ಸ್ವಲ್ಪ ಜಾಸ್ತಿ.

ಇನ್ನೊಂದು ತೊಡಕು. ರೂಪಾಂತರಿಗಳೆಲ್ಲ ಶತ್ರುಗಳೇ ಅಂದುಕೊಂಡರೆ ತಪ್ಪು. ನಾಚ್1 ಕೆಟ್ಟ ಕೋಶಗಳು ವಯಸ್ಸಾದವರ ಆರೋಗ್ಯವಂತ ಅನ್ನನಾಳದಲ್ಲಿ ತುಂಬಿರುತ್ತವೆ, ಆದರೆ ಅನ್ನನಾಳದ ಕ್ಯಾನ್ಸರ್‌ಗಳಲ್ಲಿ ಅವುಗಳ ಪಾಲು ಅದಕ್ಕಿಂತ ಕಡಿಮೆ. ಮುಂದೆ 2021ರಲ್ಲಿ ಇದೇ ಫಿಲ್ ಜೋನ್ಸ್ ತಂಡ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಇಲಿಯ ಅನ್ನನಾಳದಲ್ಲಿ ಆಗಷ್ಟೇ ಹುಟ್ಟಿದ ಪುಟ್ಟ ಗಡ್ಡೆಗಳನ್ನು ಸುತ್ತಲಿನ ರೂಪಾಂತರಿ ಕೋಶಗಳೇ ತಳ್ಳಿ ಹೊರಗೆ ಹಾಕಿದ್ದು ಕಂಡಿತು. ಅಂದರೆ ಕೋಶ ಕೆಟ್ಟಿದೆಯೇ ಅನ್ನುವುದು ಅರ್ಧ ಮಾಹಿತಿ. ಯಾವ ಜೀನ್, ಪಕ್ಕದಲ್ಲಿ ಯಾರು, ಸುತ್ತ ಎಂಥ ಒತ್ತಡ, ಇವೆಲ್ಲ ಬೇಕು.

ನನಗೆ ಈ ಪ್ರಕರಣ ಜಾಸ್ತಿ ಕಾಡುವುದು ಸ್ಕ್ಯಾನ್ ವಿಷಯದಲ್ಲಲ್ಲ, ರೇಡಿಯೋಥೆರಪಿಯಲ್ಲಿ. ಗಡ್ಡೆಯ ಮೇಲೆ ದಿನಕ್ಕೆ 2 ಗ್ರೇ ಬೀಳುವಾಗ ಕಿರಣದ ಅಂಚಿನಿಂದ ಆಚೆ ಇರುವ ಅಂಗಾಂಶಕ್ಕೂ ಚದುರಿದ ವಿಕಿರಣ ಸ್ವಲ್ಪ ತಲುಪುತ್ತದೆ. ಅದು ಶೇ 2 ಅಂತ ಇಟ್ಟುಕೊಂಡರೂ 40 ಮಿಲಿಗ್ರೇ. ಈ ಪ್ರಯೋಗದ ಡೋಸ್‌ನ ಪಕ್ಕದಲ್ಲೇ ಬಂತು! ಅದೂ ಒಂದು ಸಲವಲ್ಲ, ದಿನಾ, 25–30 ದಿನ. ಗಡ್ಡೆ ಇರುವ ಜಾಗದಲ್ಲಿ ನಡೆಯುವುದು ಪೆಟ್ಟಿನ ಲೆಕ್ಕವೇ: 2 ಗ್ರೇ ಅಂದರೆ ಕೋಶಕ್ಕೆ 70 ತುಂಡು, ರಿಪೇರಿಯಲ್ಲಿ ಎಡವುವ ಕ್ಯಾನ್ಸರ್ ಕೋಶ ಸಾಯುತ್ತದೆ, ಪಕ್ಕದ ಆರೋಗ್ಯವಂತ ಕೋಶ ಮುಂದಿನ ಡೋಸ್‌ಗೆ ಮುಂಚೆ ಬಹುಪಾಲು ಹೊಲಿದುಕೊಳ್ಳುತ್ತದೆ. ಕೆಲವು ಸೆಂಟಿಮೀಟರ್ ಆಚೆ, ಅದೇ ಹೊತ್ತಿಗೆ, ನಡೆಯುತ್ತಿರುವುದು ಕುರ್ಚಿ ಆಟ. ಅಲ್ಲಿ ಆರೋಗ್ಯವಂತ ಕೋಶಗಳ ಕೈ ಹಿಡಿಯಲು ಆಂಟಿಆಕ್ಸಿಡೆಂಟ್ ಕೊಡೋಣ ಅಂದರೆ ಅದು ರಕ್ತದಲ್ಲಿ ಗಡ್ಡೆಗೂ ಹೋಗುತ್ತದೆ. ಎಕ್ಸ್‌ರೇ ಗಡ್ಡೆಯ ಡಿಎನ್‌ಎಯನ್ನು ಕೆಡಿಸುವುದರಲ್ಲಿ ಮೂರನೇ ಎರಡು ಭಾಗ ಆ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳ ಮೂಲಕವೇ, ಅವನ್ನೇ ಆರಿಸಿಬಿಟ್ಟರೆ ಚಿಕಿತ್ಸೆಯ ಆಯುಧವೇ ಮೊಂಡಾದೀತು. ಚಿಕಿತ್ಸೆ ನಡೆಯುವಾಗ ಆಂಟಿಆಕ್ಸಿಡೆಂಟ್ ಮಾತ್ರೆಗಳನ್ನು ನಿಮ್ಮಷ್ಟಕ್ಕೆ ತಿನ್ನಬೇಡಿ ಅಂತ ರೇಡಿಯೋಥೆರಪಿ ವೈದ್ಯರು ಹೇಳುವುದು ಈ ಭಯಕ್ಕೇ. ಗಡ್ಡೆಗೆ ಹೋಗದೆ ಅಂಚಿನ ಕೋಶಗಳಿಗೆ ಮಾತ್ರ ತಲುಪುವಂತೆ ಅದನ್ನು ಕೊಡುವುದು ಹೇಗೆ ಅನ್ನುವಲ್ಲಿಗೆ ಬಂದು ಈ ಪ್ರಕರಣ ನಿಂತಿದೆ.